ಇಂಜೆಕ್ಷನ್ ಲಾಕಿಂಗ್: ಕರಾವಳಿಯ ಲ್ಯಾಬಿನಲ್ಲಿ ಒಂದು ಲೇಸರನ್ನು ಇನ್ನೊಂದಕ್ಕೆ ಲಾಕ್ ಮಾಡುವ ಕ್ರಮ

ಒಂದು ಲೇಸರಿನ ಬೆಳಕನ್ನು ತುಸುವೇ ಇನ್ನೊಂದು ಸೆಮಿಕಂಡಕ್ಟರ್ ಲೇಸರಿನ ಒಳಗೆ ಹಾಯಿಸಿ. ಎರಡರ ಆವೃತ್ತಿಗಳು ಸಾಕಷ್ಟು ಹತ್ತಿರವಿದ್ದರೆ ಎರಡನೆಯದು ತನ್ನ ಆವೃತ್ತಿಯನ್ನು ಬಿಟ್ಟು ಮೊದಲನೆಯದನ್ನೇ ಹಿಡಿಯುತ್ತದೆ. ಬೆಳಕು ಕೊಡುವುದು ಮಾಸ್ಟರ್, ಹಿಡಿಯುವುದು ಸ್ಲೇವ್. ರಾಬರ್ಟ್ ಆಡ್ಲರ್ 1946ರಲ್ಲಿ ಇದರ ಸಮೀಕರಣ ಬರೆದದ್ದು ರೇಡಿಯೋ ಸರ್ಕ್ಯೂಟುಗಳಿಗಾಗಿ. 1966ರಲ್ಲಿ ಹೀಲಿಯಂ-ನಿಯಾನ್ ಲೇಸರ್‌ಗಳಲ್ಲಿ ಇದನ್ನು ಮಾಡಿ ತೋರಿಸಿದರು, ಡಯೋಡ್ ಲೇಸರ್‌ಗಳ ಸರದಿ ಬಂದದ್ದು 1980ರ ಸುಮಾರಿಗೆ.

ಸುರತ್ಕಲ್, ಕೊಣಾಜೆ, ಮಣಿಪಾಲದ ಕಡೆ ಎಂಎಸ್ಸಿ, ಎಂಟೆಕ್ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಮೊದಲ ಸಲ ಇದನ್ನು ಕಟ್ಟುವವರಿಗಾಗಿ ಈ ಬರಹ. ಲಾಕ್ ಮಾಡುವುದು ಕಷ್ಟವಲ್ಲ. ಲಾಕ್ ಆಗಿದೆ ಎಂದು ತಪ್ಪಾಗಿ ನಂಬುವುದು ಅದಕ್ಕಿಂತ ಸುಲಭ, ಆಮೇಲೆ ಅಳೆದ ನಾಯ್ಸ್ ಅಂಕಿಗಳೆಲ್ಲ ಕಸದ ಬುಟ್ಟಿಗೆ. ಆದ್ದರಿಂದ ಕೆಳಗೆ ಹೆಚ್ಚಿನ ಜಾಗ ಹೋಗಿರುವುದು ಪರೀಕ್ಷೆಗೆ.

ಬೇಕಾದ ಸಾಮಾನು

1550 ನ್ಯಾನೋಮೀಟರ್ ಫೈಬರ್ ವ್ಯವಸ್ಥೆಯನ್ನೇ ಆರಿಸಿಕೊಳ್ಳಿ. ಟೆಲಿಕಾಂ ಬಿಡಿಭಾಗಗಳು ಸಿಗುತ್ತವೆ, ಅಲೈನ್‌ಮೆಂಟಿನ ತಲೆನೋವಿಲ್ಲ.

ಸ್ಲೇವ್ ಆಗಿ ಬಟರ್‌ಫ್ಲೈ ಪ್ಯಾಕೇಜಿನ (ಎರಡೂ ಬದಿಗೆ ಪಿನ್‌ಗಳಿರುವ ಮುಚ್ಚಿದ ಡಬ್ಬಿ) ಡಿಎಫ್‌ಬಿ ಲೇಸರ್ ಬೇಕು, ಅಂದರೆ ಒಂದೇ ಆವೃತ್ತಿಯಲ್ಲಿ ಬೆಳಗುವ ಡಯೋಡ್ ಲೇಸರ್. ಇಲ್ಲಿ ಒಂದು ಎಚ್ಚರ: ಮಾರುಕಟ್ಟೆಯ ಬಹುಪಾಲು ಬಟರ್‌ಫ್ಲೈ ಡಿಎಫ್‌ಬಿಗಳ ಒಳಗೇ ಐಸೊಲೇಟರ್, ಅಂದರೆ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಭಾಗ, ಕೂತಿರುತ್ತದೆ. ಅಂಥದ್ದಕ್ಕೆ ನೀವು ಎಷ್ಟೇ ಬೆಳಕು ಹಾಯಿಸಿದರೂ ಚಿಪ್‌ಗೆ ತಲುಪುವುದು ಅದರ ಸಾವಿರದ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಆರ್ಡರ್ ಹಾಕುವಾಗಲೇ ‘ಒಳ ಐಸೊಲೇಟರ್ ಬೇಡ’ ಎಂದು ಬರೆದು ತಿಳಿಸಿ, ಬಂದ ಮೇಲೆ ಡೇಟಾಶೀಟ್ ನೋಡಿ ಖಚಿತಪಡಿಸಿಕೊಳ್ಳಿ. ವರ್ಷದ ಬಜೆಟ್ ಇಂಥ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಮಾಸ್ಟರ್‌ಗೆ ಲೈನ್‌ವಿಡ್ತ್ (ಬೆಳಕಿನ ಆವೃತ್ತಿ ಹರಡಿಕೊಂಡಿರುವ ಅಗಲ) ಕಿರಿದಾದಷ್ಟು ಒಳ್ಳೆಯದು. ಎಕ್ಸ್‌ಟರ್ನಲ್ ಕ್ಯಾವಿಟಿ ಲೇಸರ್ ಇದ್ದರೆ ಅದೇ ಸರಿ, ಇಲ್ಲವಾದರೆ ಇನ್ನೊಂದು ಡಿಎಫ್‌ಬಿ. ಎರಡೂ ಡಿಎಫ್‌ಬಿಗಳಾದರೆ ಒಂದೇ ಐಟಿಯು ಚಾನೆಲ್‌ನವನ್ನು (ಟೆಲಿಕಾಂ ಮಾನದಂಡದ ಒಂದೇ ತರಂಗಾಂತರದವನ್ನು) ತರಿಸಿ. ಡಿಎಫ್‌ಬಿಯ ತರಂಗಾಂತರ ಡಿಗ್ರಿಗೆ ಸುಮಾರು 0.1 ನ್ಯಾನೋಮೀಟರ್ ಸರಿಯುತ್ತದೆ, 100 ಗಿಗಾಹರ್ಟ್ಸ್ ಅಂತರದ ಪಕ್ಕದ ಚಾನೆಲ್ 0.8 ನ್ಯಾನೋಮೀಟರ್ ದೂರ. ಎಂದರೆ ಒಂದು ಚಾನೆಲ್ ತಪ್ಪಿದರೆ ಎಂಟು ಡಿಗ್ರಿ ಬಿಸಿ ಮಾಡಬೇಕು ಇಲ್ಲವೇ ತಣಿಸಬೇಕು. ನಮ್ಮ ಊರಿನಲ್ಲಿ ಎಂಟು ಡಿಗ್ರಿ ತಣಿಸುವುದಕ್ಕೆ ಬೇರೆಯೇ ಬೆಲೆ ಇದೆ, ಅದು ಮುಂದೆ ಬರುತ್ತದೆ.

ಉಳಿದದ್ದು: ಮಾಸ್ಟರ್‌ನ ಮುಂದೆ ಕನಿಷ್ಠ 30 ಡಿಬಿಯ (ಹಿಂದಿರುಗುವ ಬೆಳಕನ್ನು ಸಾವಿರದ ಒಂದು ಪಾಲಿಗೆ ಇಳಿಸುವ), ಸಾಧ್ಯವಾದರೆ ಎರಡು ಹಂತದ 50 ಡಿಬಿಯ ಐಸೊಲೇಟರ್, ಬದಲಾಯಿಸಬಲ್ಲ ಅಟೆನ್ಯುಯೇಟರ್, ಬೆಳಕನ್ನು ಪಾಲು ಮಾಡುವ 90:10 ಕಪ್ಲರ್ ಎರಡು, 50:50 ಒಂದು, ಮೂರು ಪೋರ್ಟ್‌ನ ಸರ್ಕ್ಯುಲೇಟರ್ (1ರಲ್ಲಿ ಬಂದ ಬೆಳಕನ್ನು 2ಕ್ಕೂ, 2ರಲ್ಲಿ ಬಂದದ್ದನ್ನು 3ಕ್ಕೂ ಕಳಿಸುವುದು), ಬೆಳಕಿನ ಆವೃತ್ತಿಯನ್ನು 80 ಮೆಗಾಹರ್ಟ್ಸ್ ಸರಿಸುವ ಫೈಬರ್ ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರ್, ಹತ್ತು ಗಿಗಾಹರ್ಟ್ಸ್‌ಗಿಂತ ಮೇಲಿನ ಫೋಟೊಡಿಟೆಕ್ಟರ್, ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಸರ್ ಮತ್ತು ಆರ್‌ಎಫ್ ಸ್ಪೆಕ್ಟ್ರಮ್ ಅನಲೈಸರ್. ಕನೆಕ್ಟರುಗಳೆಲ್ಲ ಹಸಿರು ಬಣ್ಣದ ಎಫ್‌ಸಿ/ಎಪಿಸಿಯೇ ಇರಲಿ. ಎಂಟು ಡಿಗ್ರಿ ಓರೆಯಾಗಿ ಉಜ್ಜಿದ ಈ ತುದಿಗಳಿಂದ ಬೆಳಕು ಹಿಂದಿರುಗುವುದು 60 ಡಿಬಿ ಕೆಳಗೆ. ಓರೆಯಿಲ್ಲದ ಬರಿಯ ಗಾಜಿನ ತುದಿ ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಓರೆಯಿಲ್ಲದ ನೀಲಿ ಕನೆಕ್ಟರನ್ನು ಹಸಿರಿಗೆ ಒತ್ತಿ ಕೂರಿಸಿದರೆ ನಡುವೆ ಗಾಳಿಯ ಸಂದು ಉಳಿದು ಎರಡೂ ಹಾಳು.

ದುಡ್ಡಿದ್ದರೆ ಸರ್ಕ್ಯುಲೇಟರ್, ಕಪ್ಲರ್ ಎಲ್ಲವನ್ನೂ ಪಿಎಂ ಫೈಬರ್‌ನಲ್ಲೇ (ಬೆಳಕಿನ ಪೋಲರೈಸೇಷನ್ ಕಾಯ್ದುಕೊಳ್ಳುವ ಫೈಬರ್) ಕೊಳ್ಳಿ. ಸಾಮಾನ್ಯ ಫೈಬರ್ ಆದರೆ ಪೋಲರೈಸೇಷನ್ ಕಂಟ್ರೋಲರ್ ಬೇಕು. ಎಸಿಯ ಗಾಳಿ ಬಡಿದಾಗಲೂ ಯಾರೋ ಫೈಬರ್ ಮುಟ್ಟಿದಾಗಲೂ ಅದನ್ನು ಮತ್ತೆ ತಿರುಗಿಸುತ್ತಾ ಕೂರಬೇಕು.

ಸೆಕೆ, ಇಬ್ಬನಿ, ಉಪ್ಪುಗಾಳಿ

ಹೊರಗಿನಿಂದ ಬಂದ ಕೈಪಿಡಿಗಳು ‘ಲೇಸರನ್ನು 20 ಡಿಗ್ರಿಗೆ ಇಡಿ’ ಎಂದು ಬರೆದಿರುತ್ತವೆ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಮಂಗಳೂರು, ಉಡುಪಿಯಲ್ಲಿ ಅದನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಕೋಣೆ 27 ಡಿಗ್ರಿ, ಆರ್ದ್ರತೆ ನೂರಕ್ಕೆ 85 ಇದ್ದರೆ ಇಬ್ಬನಿ ಬಿಂದು ಹೆಚ್ಚುಕಡಿಮೆ 24 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಎಸಿ ಚೆನ್ನಾಗಿ ನಡೆದು ಕೋಣೆ 25 ಡಿಗ್ರಿ, ಆರ್ದ್ರತೆ 60ಕ್ಕೆ ಇಳಿದರೆ ಇಬ್ಬನಿ ಬಿಂದು 17ರ ಹತ್ತಿರ ಬರುತ್ತದೆ, ಆಗ 20 ಡಿಗ್ರಿ ಸರಿ. ಆದರೆ ಕರೆಂಟು ಹೋಗಿ ಎಸಿ ನಿಂತು, ಯುಪಿಎಸ್ ಮೇಲೆ ಟಿಇಸಿ (ಲೇಸರಿನ ಉಷ್ಣಾಂಶ ಕಾಯುವ ವಿದ್ಯುತ್ ಕೂಲರ್) ಮಾತ್ರ ನಡೆಯುತ್ತಿದ್ದರೆ ಕೋಣೆಯ ತೇವ ನಿಧಾನಕ್ಕೆ ಏರಿ ಕೊನೆಗೆ ಚಿಪ್‌ನ ಬುಡದಲ್ಲಿ ಹನಿಯುತ್ತದೆ.

ಮುಚ್ಚಿದ ಬಟರ್‌ಫ್ಲೈ ಪ್ಯಾಕೇಜಿನ ಒಳಗೆ ಒಣ ಅನಿಲವಿರುವುದರಿಂದ ಚಿಪ್‌ಗೆ ಭಯವಿಲ್ಲ. ತೆರೆದ ತಣ್ಣನೆಯ ತಟ್ಟೆಯ ಮೇಲೆ ಕೂರಿಸಿದ ಟಿಒ-ಕ್ಯಾನ್ (ಚಿಕ್ಕ ಲೋಹದ ಟೊಪ್ಪಿಯಂಥ ಕವಚದ) ಡಯೋಡ್‌ಗಳಿಗೆ ಇದೆ. ಅವುಗಳನ್ನು ಇಬ್ಬನಿ ಬಿಂದುವಿಗಿಂತ ಮೂರು ಡಿಗ್ರಿಯಾದರೂ ಮೇಲಿಡಿ, ಮಳೆಗಾಲದ ಆಟಿ ತಿಂಗಳಲ್ಲಿ 28 ಡಿಗ್ರಿ ಸುರಕ್ಷಿತ. ಒಂದು ಅಗ್ಗದ ಆರ್ದ್ರತಾ ಮಾಪಕ ಮೇಜಿನ ಮೇಲೇ ಇರಲಿ.

ಬಟರ್‌ಫ್ಲೈಗೂ ತೇವದ ಕಾಟ ಇನ್ನೊಂದು ದಾರಿಯಲ್ಲಿ ಬರುತ್ತದೆ, ಇದನ್ನು ಬಹಳ ಮಂದಿ ಹುಡುಕುವುದೇ ಇಲ್ಲ. ಒಳಗಿನ ಥರ್ಮಿಸ್ಟರ್ 25 ಡಿಗ್ರಿಯಲ್ಲಿ 10 ಕಿಲೊಓಮ್. ಮೌಂಟಿನ ಪಿನ್‌ಗಳ ನಡುವೆ ಉಪ್ಪು, ಸೋಲ್ಡರ್ ಫ್ಲಕ್ಸ್ ಮತ್ತು ತೇವ ಸೇರಿ 10 ಮೆಗಾಓಮ್ ಸೋರಿಕೆ ಆಯಿತೆನ್ನಿ. ಓದುವ ರೋಧ ನೂರಕ್ಕೆ 0.1ರಷ್ಟು ಇಳಿಯುತ್ತದೆ. ಥರ್ಮಿಸ್ಟರ್ ಡಿಗ್ರಿಗೆ ನೂರಕ್ಕೆ ಸುಮಾರು 4.4 ಬದಲಾಗುವುದರಿಂದ ಕಂಟ್ರೋಲರ್‌ಗೆ ಇದು 0.023 ಡಿಗ್ರಿ ಬಿಸಿಯಂತೆ ಕಾಣುತ್ತದೆ. ಅದು ಅಷ್ಟು ತಣಿಸುತ್ತದೆ. ಡಿಎಫ್‌ಬಿ ಡಿಗ್ರಿಗೆ 12.5 ಗಿಗಾಹರ್ಟ್ಸ್ ಸರಿಯುವ ಲೇಸರ್, ಆದ್ದರಿಂದ ಆವೃತ್ತಿ ಸುಮಾರು 280 ಮೆಗಾಹರ್ಟ್ಸ್ ಮೇಲೇರುತ್ತದೆ. ಬೆಳಗ್ಗೆ ಕೂತ ಲಾಕ್ ಮಳೆ ಜಡಿಯುವ ಮಧ್ಯಾಹ್ನ ತಾನಾಗಿ ಬಿಟ್ಟುಹೋದರೆ ಮೊದಲು ಇದನ್ನೇ ಅನುಮಾನಿಸಿ. ಮೌಂಟಿನ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ಒಣಗಿಸಿ ಕನ್‌ಫಾರ್ಮಲ್ ಕೋಟಿಂಗ್ ಬಳಿದರೆ ನಿಲ್ಲುತ್ತದೆ.

ಬಳಸದ ಫೈಬರ್ ತುದಿಗಳಿಗೆ ಟೊಪ್ಪಿ ಹಾಕಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಲೆನ್ಸ್‌ಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಇಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆಲ್ಲ ಗೊತ್ತು. ಕಡಲಿಗೆ ತಾಗಿದ ಕ್ಯಾಂಪಸ್‌ಗಳಲ್ಲಿ ಎಸ್‌ಎಂಎ ಕನೆಕ್ಟರುಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ಒರೆಸದಿದ್ದರೆ ಆರ್‌ಎಫ್ ಅಳತೆ ನಂಬುವ ಹಾಗಿಲ್ಲ.

ವಿದ್ಯುತ್ ಮತ್ತು ಅರ್ತಿಂಗ್

ಲೇಸರ್ ಡ್ರೈವರ್ ಮತ್ತು ಟಿಇಸಿಯನ್ನು ಆನ್‌ಲೈನ್ ಯುಪಿಎಸ್‌ಗೆ ಹಾಕಿ. ಕರೆಂಟು ಮರಳಿದಾಗ ಡ್ರೈವರ್ ತಾನಾಗಿ ಲೇಸರ್‌ಗೆ ಕರೆಂಟ್ ಬಿಡಬಾರದು. ಔಟ್‌ಪುಟ್ ಆಫ್ ಆಗಿಯೇ ಏಳುತ್ತದೆಯೇ ಎಂದು ಡಯೋಡ್ ಜೋಡಿಸುವ ಮೊದಲೇ ಡಮ್ಮಿ ಲೋಡ್ ಇಟ್ಟು ನೋಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡುವುದೇ ಉಪಾಯ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಪಿಟ್‌ನ ರೋಧ ಏರುತ್ತದೆ, ಅದಕ್ಕೆ ನೀರು ಹಾಕಿಸುವ ಕೆಲಸ ಕಾಲೇಜಿನ ಎಲೆಕ್ಟ್ರಿಷಿಯನ್‌ಗೆ ನೆನಪಿಸಿ. ನಾಯ್ಸ್ ಸ್ಪೆಕ್ಟ್ರಮ್‌ನಲ್ಲಿ 50, 100, 150 ಹರ್ಟ್ಸ್‌ನ ಸಾಲುಗೆರೆ ಕಂಡರೆ ಅದು ಅರ್ತಿಂಗಿನದು. ಹತ್ತಾರು ಕಿಲೊಹರ್ಟ್ಸ್‌ನಲ್ಲಿ ಕಂಡರೆ ಯುಪಿಎಸ್ಸಿನದೋ ಸ್ವಿಚಿಂಗ್ ಅಡಾಪ್ಟರಿನದೋ. ಬ್ಯಾಟರಿಯ ಮೇಲೆ ಡ್ರೈವರ್ ನಡೆಸಿ ಹೋಲಿಸಿ.

ಗಾಳಿಯಲ್ಲಿ ತೇವವಿದೆಯೆಂದು ಸ್ಥಾಯೀ ವಿದ್ಯುತ್ತಿನ ಭಯ ಬಿಡಬೇಡಿ. ಎಸಿ ಕೋಣೆಯಲ್ಲಿ ಡಯೋಡ್ ಮುಟ್ಟುವಾಗ ಮಣಿಕಟ್ಟಿನ ಪಟ್ಟಿ ಕಡ್ಡಾಯ.

ಜೋಡಣೆ

ಮಾಸ್ಟರ್, ಐಸೊಲೇಟರ್, 90:10 ಕಪ್ಲರ್, ಅಟೆನ್ಯುಯೇಟರ್, ಪೋಲರೈಸೇಷನ್ ಕಂಟ್ರೋಲರ್, ಸರ್ಕ್ಯುಲೇಟರ್‌ನ ಪೋರ್ಟ್ 1: ಇದು ಒಂದು ಸಾಲು. ಪೋರ್ಟ್ 2ಕ್ಕೆ ಸ್ಲೇವ್. ಪೋರ್ಟ್ 3ರಿಂದ ಹೊರಬರುವುದು ಸ್ಲೇವ್‌ನ ಬೆಳಕು. ಅದಕ್ಕೆ ಎರಡನೆಯ 90:10 ಕಪ್ಲರ್ ಹಾಕಿ ದೊಡ್ಡ ಪಾಲನ್ನು ಅಳತೆಗೆ, ಚಿಕ್ಕ ಪಾಲನ್ನು ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಸರ್‌ಗೆ ಕೊಡಿ. ಮಾಸ್ಟರ್ ಕಡೆಯ ಹತ್ತನೇ ಒಂದು ಪಾಲು ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರ್‌ನ ಮೂಲಕ 80 ಮೆಗಾಹರ್ಟ್ಸ್ ಸರಿದು ಬಂದು 50:50 ಕಪ್ಲರಿನಲ್ಲಿ ಸ್ಲೇವ್‌ನ ಬೆಳಕಿನೊಂದಿಗೆ ಕೂಡಿ, ಫೋಟೊಡಿಟೆಕ್ಟರಿನ ಮೂಲಕ ಆರ್‌ಎಫ್ ಸ್ಪೆಕ್ಟ್ರಮ್ ಅನಲೈಸರ್‌ಗೆ ಹೋಗಲಿ. ಕಪ್ಲರಿನ ಬಳಸದ ತುದಿ ಗಾಳಿಗೆ ತೆರೆದು ನಿಲ್ಲಬಾರದು. ಫೈಬರನ್ನು 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಸುತ್ತಬೇಡಿ, ಸುತ್ತಿದ ಸುರುಳಿಗಳನ್ನು ಟೇಪ್ ಹಾಕಿ ಮೇಜಿಗೆ ಕೂರಿಸಿ.

ಈಗ ಲೆಕ್ಕ. ಮಾಸ್ಟರ್ 10 ಡಿಬಿಎಂ (10 ಮಿಲಿವಾಟ್) ಕೊಟ್ಟರೆ ಐಸೊಲೇಟರ್, ಕಪ್ಲರ್, ಅಟೆನ್ಯುಯೇಟರ್‌ನ ಕನಿಷ್ಠ ನಷ್ಟ, ಸರ್ಕ್ಯುಲೇಟರ್ ಎಲ್ಲ ಸೇರಿ ಸುಮಾರು 3 ಡಿಬಿ ತಿನ್ನುತ್ತವೆ. ಪೋರ್ಟ್ 2ರಲ್ಲಿ 7 ಡಿಬಿಎಂ ಉಳಿಯುತ್ತದೆ. ಸ್ಲೇವ್ ಫೈಬರಿನಲ್ಲಿ 7 ಡಿಬಿಎಂ ಕೊಡುತ್ತಿದ್ದರೆ ಇಂಜೆಕ್ಷನ್ ಅನುಪಾತ (ಒಳಹೋಗುವ ಮಾಸ್ಟರ್ ಬೆಳಕಿಗೂ ಸ್ಲೇವ್‌ನ ಬೆಳಕಿಗೂ ಇರುವ ಅನುಪಾತ) 0 ಡಿಬಿ ಎಂದು ಬರೆದುಕೊಳ್ಳುವ ರೂಢಿ ಇದೆ. ಅದು ತಪ್ಪು ಲೆಕ್ಕ. ಚಿಪ್‌ನಿಂದ ಫೈಬರಿಗೆ ಅರ್ಧ ಬೆಳಕು ಮಾತ್ರ ದಾಟುತ್ತದೆಂದರೆ, ಒಳಹೋಗುವ ಬೆಳಕು ಇನ್ನೂ 3 ಡಿಬಿ ಕಳೆದುಕೊಳ್ಳುತ್ತದೆ, ಚಿಪ್‌ನ ಮುಖದಲ್ಲಿ ಸ್ಲೇವ್‌ನ ನಿಜವಾದ ಬೆಳಕು 3 ಡಿಬಿ ಹೆಚ್ಚಿರುತ್ತದೆ. ನಿಜವಾದ ಅನುಪಾತ ಮೈನಸ್ 6 ಡಿಬಿ. ವರದಿಯಲ್ಲಿ ಎಲ್ಲಿ ಅಳೆದದ್ದು ಎಂದು ಬರೆಯದ ಅನುಪಾತಕ್ಕೆ ಅರ್ಥವಿಲ್ಲ.

ಕಣ್ಣಿನ ವಿಷಯ: 1550 ಕಾಣಿಸುವುದಿಲ್ಲ. ಫೈಬರ್ ತುದಿಯನ್ನು ಮೈಕ್ರೊಸ್ಕೋಪಿನಲ್ಲಿ ನೋಡುವ ಮೊದಲು ಎರಡೂ ಲೇಸರ್ ಆರಿಸಿ. ಒಂದನ್ನು ಆರಿಸಿ ಇನ್ನೊಂದನ್ನು ಮರೆಯುವುದು ಸರ್ಕ್ಯುಲೇಟರ್ ಇರುವ ಮೇಜಿನಲ್ಲಿ ತುಂಬ ಸಹಜ.

ಲಾಕ್ ಎಷ್ಟು ಅಗಲ ಇರಬೇಕು

ಎರಡರ ಆವೃತ್ತಿಗಳು ಎಷ್ಟು ದೂರವಿದ್ದರೂ ಲಾಕ್ ಹಿಡಿಯುತ್ತದೆ ಎಂಬುದೇ ಲಾಕಿನ ಅಗಲ. ಅದನ್ನು ಮೊದಲೇ ಅಂದಾಜು ಮಾಡಿಕೊಂಡರೆ ಹುಡುಕುವ ಕೆಲಸ ಅರ್ಧಕ್ಕಿಳಿಯುತ್ತದೆ. ಚಿಪ್ 300 ಮೈಕ್ರೊಮೀಟರ್ ಉದ್ದ, ಗ್ರೂಪ್ ಇಂಡೆಕ್ಸ್ 3.6 ಎಂದುಕೊಳ್ಳಿ. ಬೆಳಕು ಒಳಗೆ ಒಮ್ಮೆ ಹೋಗಿ ಬರಲು 7.2 ಪಿಕೊಸೆಕೆಂಡ್. ಇದರ ವಿಲೋಮವನ್ನು ಎರಡು ಪೈನಿಂದ ಭಾಗಿಸಿದರೆ 22 ಗಿಗಾಹರ್ಟ್ಸ್. ಅದನ್ನು ಶಕ್ತಿಗಳ ಅನುಪಾತದ ವರ್ಗಮೂಲದಿಂದ ಗುಣಿಸಿ. ನಿಜ ಅನುಪಾತ ಮೈನಸ್ 30 ಡಿಬಿ ಆದರೆ ವರ್ಗಮೂಲ 0.032, ಸಿಗುವುದು 0.7 ಗಿಗಾಹರ್ಟ್ಸ್.

ಡಿಟ್ಯೂನಿಂಗ್ ಎಂದರೆ ಇಲ್ಲಿ ಮಾಸ್ಟರ್ ಆವೃತ್ತಿಯಿಂದ ಸ್ಲೇವ್ ಆವೃತ್ತಿ ಕಳೆದದ್ದು. ಧನ ಕಡೆಯ ಅಂಚು ಈ 0.7. ಋಣ ಕಡೆಯ ಅಂಚು ಇದಕ್ಕಿಂತ ದೊಡ್ಡದು: ಒಂದಕ್ಕೆ ಆಲ್ಫಾದ ವರ್ಗ ಕೂಡಿಸಿ ವರ್ಗಮೂಲ ತೆಗೆದಷ್ಟು ಪಟ್ಟು. ಆಲ್ಫಾ ಎಂದರೆ ಲೈನ್‌ವಿಡ್ತ್ ಹಿಗ್ಗಿಸುವ ಗುಣಾಂಕ, 1982ರಲ್ಲಿ ಚಾರ್ಲ್ಸ್ ಹೆನ್ರಿ ವಿವರಿಸಿದ್ದು. ಅದನ್ನು 4 ಎಂದಿಟ್ಟರೆ ಋಣ ಅಂಚು ಸುಮಾರು 2.9 ಗಿಗಾಹರ್ಟ್ಸ್. ಮೈನಸ್ 20 ಡಿಬಿಗೆ ಈ ಎರಡು ಅಂಚು 2.2 ಮತ್ತು 9.1, ಮೈನಸ್ 40ಕ್ಕೆ 0.22 ಮತ್ತು 0.9.

ಈ ಎಡವಟ್ಟಾದ ಆಕಾರಕ್ಕೆ ಕಾರಣ ಸೆಮಿಕಂಡಕ್ಟರೇ. ಹೊರಗಿನ ಬೆಳಕು ಒಳಬಂದಾಗ ವಾಹಕಗಳ ಸಾಂದ್ರತೆ ಇಳಿಯುತ್ತದೆ, ವಕ್ರೀಭವನಾಂಕ ಏರುತ್ತದೆ, ಸ್ಲೇವ್‌ನ ಸ್ವಂತ ಕ್ಯಾವಿಟಿ ಆವೃತ್ತಿ ಕೆಳಕ್ಕೆ ಜಾರುತ್ತದೆ. ಹಾಗಾಗಿ ಕೆಳಗಿನ ಆವೃತ್ತಿಯಿಂದ ಕರೆಯುವ ಮಾಸ್ಟರ್‌ಗೆ ಅದು ಸುಲಭದಲ್ಲಿ ಒಲಿಯುತ್ತದೆ. ರೇಡಿಯೋ ಸರ್ಕ್ಯೂಟಿಗೆ ಬರೆದ ಆಡ್ಲರ್ ಸೂತ್ರವನ್ನು ಹಾಗೇ ತಂದು ಎರಡೂ ಬದಿ ಸಮ ಅಂದುಕೊಂಡವರು ಲಾಕನ್ನು ತಪ್ಪು ಬದಿಯಲ್ಲಿ ಹುಡುಕುತ್ತಾರೆ.

ಲಾಕ್ ಹುಡುಕುವ ಕ್ರಮ

1. ಟಿಇಸಿಗಳನ್ನು ಹಚ್ಚಿ, ಕಾಲು ಗಂಟೆ ಬಿಡಿ. ಎಸಿಯ ಕಂಪ್ರೆಸರ್ ಆನ್-ಆಫ್ ಆಗುವ ಲಯ ಉಷ್ಣಾಂಶದಲ್ಲಿ ಕಾಣದಷ್ಟು ಸ್ಥಿರವಾಗಬೇಕು. 1 ಮಿಲಿಡಿಗ್ರಿ ಎಂದರೆ 12.5 ಮೆಗಾಹರ್ಟ್ಸ್.

2. ಮಾಸ್ಟರ್ ಇಲ್ಲದೆ ಸ್ಲೇವ್‌ನ ಕರೆಂಟ್-ಬೆಳಕು ವಕ್ರ ಎಳೆಯಿರಿ. ಥ್ರೆಶೋಲ್ಡ್ 10 ಮಿಲಿಆಂಪಿಯರ್ ಇದ್ದರೆ 25 ಅಥವಾ 30ರಲ್ಲಿ ನಿಲ್ಲಿಸಿ. ಆರ್‌ಎಫ್ ಸ್ಪೆಕ್ಟ್ರಮ್‌ನಲ್ಲಿ ರಿಲ್ಯಾಕ್ಸೇಷನ್ ಆಂದೋಲನದ (ಲೇಸರಿನ ಬೆಳಕು ತನ್ನ ಸಹಜ ಲಯದಲ್ಲಿ ಏರಿಳಿಯುವುದು) ಗುಡ್ಡ ಎಲ್ಲಿದೆ ನೋಡಿ ಬರೆದುಕೊಳ್ಳಿ, ಕೆಲವು ಗಿಗಾಹರ್ಟ್ಸ್‌ನಲ್ಲಿರುತ್ತದೆ. ಈ ಸಂಖ್ಯೆ ಮುಂದೆ ಪದೇಪದೇ ಬೇಕು.

3. ಅಟೆನ್ಯುಯೇಟರ್ ಪೂರ್ತಿ ಮುಚ್ಚಿ ಮಾಸ್ಟರ್ ಹಚ್ಚಿ. 50:50 ಕಪ್ಲರಿನಿಂದ ಬರುವ ಬೆಳಕಿನಲ್ಲಿ ಎರಡರ ಗೆರೆಗಳನ್ನೂ ಆಪ್ಟಿಕಲ್ ಸ್ಪೆಕ್ಟ್ರಮ್‌ನಲ್ಲಿ ನೋಡುತ್ತಾ ಉಷ್ಣಾಂಶದಿಂದ ಹತ್ತಿರ ತನ್ನಿ. ಡಿಟ್ಯೂನಿಂಗ್ ಮೈನಸ್ 10 ಗಿಗಾಹರ್ಟ್ಸ್ ಆಸುಪಾಸಿಗೆ ಬರಲಿ, ಅಂದರೆ ಸ್ಲೇವ್ ಮೇಲಿನ ಆವೃತ್ತಿಯಲ್ಲಿ, ಮಾಸ್ಟರ್ ಕೆಳಗೆ.

4. ಅಟೆನ್ಯುಯೇಟರ್ ತೆರೆದು ನಿಜ ಅನುಪಾತ ಮೈನಸ್ 30 ಡಿಬಿಗೆ ತನ್ನಿ. ಸ್ಲೇವ್‌ನ ಕರೆಂಟನ್ನು 0.1 ಮಿಲಿಆಂಪಿಯರ್ ಹೆಜ್ಜೆಯಲ್ಲಿ ಏರಿಸಿ. ಕರೆಂಟ್ ಏರಿದಂತೆ ಚಿಪ್ ಬಿಸಿಯಾಗಿ ಸ್ಲೇವ್ ಆವೃತ್ತಿ ಮಿಲಿಆಂಪಿಯರಿಗೆ ಸುಮಾರು 1 ಗಿಗಾಹರ್ಟ್ಸ್ ಇಳಿಯುತ್ತದೆ. ಡಿಟ್ಯೂನಿಂಗ್ ಋಣದಿಂದ ಸೊನ್ನೆಯ ಕಡೆ ನಡೆಯುತ್ತದೆ. ಆರ್‌ಎಫ್ ಪರದೆಯಲ್ಲಿ ಬೀಟ್ ಗೆರೆ (ಎರಡು ಬೆಳಕುಗಳ ಆವೃತ್ತಿಯ ವ್ಯತ್ಯಾಸದಲ್ಲಿ ಕಾಣುವ ಗೆರೆ) ಬಲದಿಂದ ಎಡಕ್ಕೆ ಸರಿದು ಬಂದು, ಅಂಚಿನಲ್ಲಿ ಫಕ್ಕನೆ ಮಾಯವಾಗಿ, 80 ಮೆಗಾಹರ್ಟ್ಸ್‌ನಲ್ಲಿ ಸೂಜಿಯಂಥ ಒಂದೇ ಗೆರೆ ನಿಲ್ಲಬೇಕು.

5. ಪೋಲರೈಸೇಷನ್ ಸರಿಪಡಿಸುವುದು ಈಗ. ಲಾಕ್ ಹಿಡಿದಿರುವಾಗ ಅಟೆನ್ಯುಯೇಟರ್ ಮುಚ್ಚುತ್ತಾ ಬನ್ನಿ, ಬಿಡುವ ಹಂತಕ್ಕೆ ಬಂದಾಗ ಕಂಟ್ರೋಲರ್ ತಿರುಗಿಸಿ ಮತ್ತೆ ಹಿಡಿಸಿ. ಅತಿ ಕಡಿಮೆ ಬೆಳಕಿನಲ್ಲಿ ಲಾಕ್ ನಿಲ್ಲುವ ಸ್ಥಾನವೇ ಸರಿಯಾದ ಸ್ಥಾನ. ಆ ಮೇಲೆ ಅದನ್ನು ಮುಟ್ಟಬೇಡಿ.

ಬೆಳಕು ಜಾಸ್ತಿಯಾದಾಗ ಋಣ ಅಂಚಿನಲ್ಲಿ ಹಿಸ್ಟರೆಸಿಸ್ ಕಾಣುತ್ತದೆ: ಹೊರಗಿನಿಂದ ಬರುವಾಗ ಲಾಕ್ ಹಿಡಿದ ಜಾಗಕ್ಕೂ ಒಳಗಿನಿಂದ ಹೊರಟಾಗ ಬಿಡುವ ಜಾಗಕ್ಕೂ ವ್ಯತ್ಯಾಸ. ನೋಟ್‌ಬುಕ್ಕಿನಲ್ಲಿ ಸ್ವೀಪಿನ ದಿಕ್ಕು ಬರೆದಿರಬೇಕು.

ಇದು ಲಾಕೇ ಹೌದೇ?

ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಸರ್‌ನ ರೆಸಲ್ಯೂಷನ್ ಸಾಮಾನ್ಯವಾಗಿ 0.02 ನ್ಯಾನೋಮೀಟರ್, ಅಂದರೆ 2.5 ಗಿಗಾಹರ್ಟ್ಸ್. ಅದರೊಳಗೆ ಎರಡು ಲೇಸರ್ ಬೇರೆಬೇರೆ ನಡೆಯುತ್ತಿದ್ದರೂ ಪರದೆಯ ಮೇಲೆ ಒಂದೇ ಗೆರೆ. ಗೆರೆ ಒಂದಾಯಿತೆಂದು ಲಾಕ್ ಬರೆದುಕೊಳ್ಳಬೇಡಿ.

ಬೀಟ್ ಕಾಣದಿರುವುದೂ ಸಾಕ್ಷಿಯಲ್ಲ. ಡಿಟೆಕ್ಟರಿನ ಬ್ಯಾಂಡ್‌ವಿಡ್ತ್ ಮೀರಿ ಬೀಟ್ ಓಡಿಹೋಗಿದ್ದರೂ ಪರದೆ ಅಷ್ಟೇ ಖಾಲಿ. ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರ್‌ಗೆ ಖರ್ಚು ಮಾಡುವುದು ಇದಕ್ಕೇ. ಲಾಕ್ ಇದ್ದರೆ 80ರಲ್ಲಿ ಗೆರೆ ಇದ್ದೇ ಇರುತ್ತದೆ, ಅನಲೈಸರಿನ ರೆಸಲ್ಯೂಷನ್ ಎಷ್ಟು ಕಿರಿದು ಮಾಡಿದರೂ ಗೆರೆ ಅಷ್ಟೇ ಕಿರಿದಾಗುತ್ತದೆ.

ಇಷ್ಟಾದರೂ ಒಂದು ಮೋಸ ಉಳಿದಿದೆ. ಧನ ಅಂಚಿನ ಹತ್ತಿರ ಸ್ಲೇವ್ ಮಾಸ್ಟರ್‌ನ ಆವೃತ್ತಿಯನ್ನು ಹಿಡಿದಿದ್ದರೂ ಅದರ ರಿಲ್ಯಾಕ್ಸೇಷನ್ ಆಂದೋಲನದ ಡ್ಯಾಂಪಿಂಗ್ ಸತ್ತುಹೋಗಿ ಬೆಳಕು ಕೆಲವು ಗಿಗಾಹರ್ಟ್ಸ್‌ನಲ್ಲಿ ತಾನೇ ಮಿಡಿಯತೊಡಗುತ್ತದೆ. 80ರ ಗೆರೆ ಇದ್ದೇ ಇದೆ! ಹಾಗಾಗಿ ಆರ್‌ಎಫ್ ಸ್ಪೆಕ್ಟ್ರಮನ್ನು ಸೊನ್ನೆಯಿಂದ ಡಿಟೆಕ್ಟರಿನ ಕೊನೆಯವರೆಗೆ ತೆರೆದು ನೋಡಿ. ರಿಲ್ಯಾಕ್ಸೇಷನ್ ಆವೃತ್ತಿಯ ಸುತ್ತಮುತ್ತ ಚೂಪು ಗೆರೆ, ಅದರ ಎರಡರಷ್ಟು ಮೂರರಷ್ಟರಲ್ಲಿ ಮರಿಗೆರೆಗಳಿದ್ದರೆ ಅದು ಪಿರಿಯಡ್-1, ಅಂದರೆ ಒಂದೇ ಲಯದ ಮಿಡಿತ. ಅರ್ಧ ಆವೃತ್ತಿಯಲ್ಲಿ ಹೊಸ ಗೆರೆ ಹುಟ್ಟಿದರೆ ಪಿರಿಯಡ್ ಡಬ್ಲಿಂಗ್. ಗೆರೆಗಳು ಕರಗಿ ಇಡೀ ನಾಯ್ಸ್ ನೆಲ ಹತ್ತಾರು ಡಿಬಿ ಎದ್ದರೆ ಕೇಆಸ್, ಅಂದರೆ ಲಯವಿಲ್ಲದ ಏರಿಳಿತ. ಮೂರೂ ನಿಮ್ಮ ಉದ್ದೇಶವೇ ಆಗಿರಬಹುದು. ಮೈಕ್ರೊವೇವ್ ಉತ್ಪಾದನೆಗೆ ಪಿರಿಯಡ್-1ನ್ನು ಬೇಕೆಂದೇ ಬಳಸುವವರಿದ್ದಾರೆ. ನಾಯ್ಸ್ ಇಳಿಸಲು ಹೊರಟವರು ಮಾತ್ರ ಕರೆಂಟ್ ಇಳಿಸಿ ಋಣ ಬದಿಗೆ ಹಿಂದೆ ಸರಿಯಬೇಕು. ಬೆಳಕು ಹೆಚ್ಚಿಸಿ ಸರಿಪಡಿಸೋಣ ಎಂದು ಅಟೆನ್ಯುಯೇಟರ್‌ಗೆ ಕೈ ಹಾಕುವುದು ಮೊದಲ ಪ್ರವೃತ್ತಿ, ಎಷ್ಟೋ ಸಲ ಅದರಿಂದ ಪಿರಿಯಡ್-1 ಇನ್ನೂ ಗಟ್ಟಿಯಾಗುತ್ತದೆ.

ದುಬಾರಿ ಉಪಕರಣವಿಲ್ಲದ ಕಾಲೇಜಿಗೊಂದು ದಾರಿ: ಲಾಕ್ ಆದಾಗ ವಾಹಕ ಸಾಂದ್ರತೆ ಇಳಿಯುವುದರಿಂದ ಡಯೋಡಿನ ವೋಲ್ಟೇಜೂ ಚೂರು ಇಳಿಯುತ್ತದೆ. ಸ್ಥಿರ ಕರೆಂಟಿನಲ್ಲಿ ಆರೂವರೆ ಅಂಕಿಯ ಮಲ್ಟಿಮೀಟರ್ ಇಟ್ಟು ಮಾಸ್ಟರನ್ನು ತಡೆದು ಬಿಟ್ಟು ಮಾಡಿ, ವ್ಯತ್ಯಾಸ ಡಿಟ್ಯೂನಿಂಗ್‌ನೊಂದಿಗೆ ಹೇಗೆ ಬದಲಾಗುತ್ತದೆ ನೋಡಿ. ಅಂಚುಗಳು ಅದರಲ್ಲೇ ಕಾಣುತ್ತವೆ. ಪಿರಿಯಡ್-1ನ್ನು ಮಾತ್ರ ಇದು ಹಿಡಿದುಕೊಡುವುದಿಲ್ಲ.

ನಾಯ್ಸ್ ಅಳೆಯುವುದು

ಫೇಸ್ ನಾಯ್ಸ್ ಮತ್ತು ತೀವ್ರತೆಯ ನಾಯ್ಸ್ ಬೇರೆಬೇರೆ ಕಡೆಯಿಂದ ಬರುತ್ತವೆ. ಇದನ್ನು ಸ್ಪಷ್ಟ ಮಾಡಿಕೊಳ್ಳದೆ ಅಳತೆಗೆ ಇಳಿಯಬೇಡಿ.

ಫೇಸ್‌ನಲ್ಲಿ ಸ್ಲೇವ್ ಮಾಸ್ಟರನ್ನು ಅನುಸರಿಸುತ್ತದೆ, ಆದರೆ ಲಾಕಿನ ಅಗಲ ಇರುವಷ್ಟು ವೇಗದವರೆಗೆ ಮಾತ್ರ. ಯಕ್ಷಗಾನದಲ್ಲಿ ಭಾಗವತರ ತಾಳಕ್ಕೆ ಚೆಂಡೆ ಬದ್ಧ. ಎರಡು ಪೆಟ್ಟಿನ ನಡುವಿನ ಬಿಡಿತ ಮುಕ್ತಾಯಗಳು ಚೆಂಡೆಯವರದೇ. ಹಾಗೆ, ಲಾಕಿಂಗ್ ಬ್ಯಾಂಡ್‌ವಿಡ್ತ್‌ಗಿಂತ ನಿಧಾನದ ಏರಿಳಿತ ಮಾಸ್ಟರ್‌ನದು, ಅದಕ್ಕಿಂತ ವೇಗದ್ದು ಸ್ಲೇವ್‌ನ ಸ್ವಂತದ್ದು. ಮೆಗಾಹರ್ಟ್ಸ್ ಅಗಲದ ಡಿಎಫ್‌ಬಿ ಕಿಲೊಹರ್ಟ್ಸ್ ಅಗಲದ ಮಾಸ್ಟರ್‌ನ ಲೈನ್‌ವಿಡ್ತ್ ಪಡೆಯುವುದು ಹೀಗೆ. ಮಾಸ್ಟರ್ ಕೆಟ್ಟದಾಗಿದ್ದರೆ ಆ ಕೆಡುಕೂ ಅಷ್ಟೇ ನಿಷ್ಠೆಯಿಂದ ದಾಟಿ ಬರುತ್ತದೆ.

ತೀವ್ರತೆಯಲ್ಲಿ ಹಾಗಿಲ್ಲ. ಸ್ಲೇವ್‌ನ ಬೆಳಕಿನ ಪ್ರಮಾಣವನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದರದೇ ಕರೆಂಟ್, ಮಾಸ್ಟರ್‌ನ ತೀವ್ರತೆ ಏರಿಳಿದರೂ ಅದು ಕುಗ್ಗಿ ದಾಟುತ್ತದೆ. ಲಾಕಿನಿಂದ ಆಗುವ ಲಾಭವೆಂದರೆ ರಿಲ್ಯಾಕ್ಸೇಷನ್ ಗುಡ್ಡ ಮೇಲಿನ ಆವೃತ್ತಿಗೆ ಸರಿದು, ಸರಿಯಾದ ಡಿಟ್ಯೂನಿಂಗ್‌ನಲ್ಲಿ ತಗ್ಗಾಗುವುದು.

ರಿನ್ (ಬೆಳಕಿನ ಸರಾಸರಿಗೆ ಹೋಲಿಸಿದ ತೀವ್ರತೆಯ ನಾಯ್ಸ್) ಅಳೆಯುವಾಗ ಶಾಟ್ ನಾಯ್ಸ್ (ಬೆಳಕು ಬಿಡಿಬಿಡಿ ಫೋಟಾನ್‌ಗಳಾಗಿ ಬರುವುದರಿಂದ ಹುಟ್ಟುವುದು) ಎಲ್ಲಿ ನಿಂತಿದೆ ಎಂದು ಮೊದಲು ಲೆಕ್ಕ ಹಾಕಿ. ಡಿಟೆಕ್ಟರಿನಲ್ಲಿ 1 ಮಿಲಿಆಂಪಿಯರ್ ಫೋಟೊಕರೆಂಟ್, 50 ಓಮ್ ಲೋಡ್ ಇದ್ದರೆ ಡಿಸಿಯ ವಿದ್ಯುತ್ ಶಕ್ತಿ ಮೈನಸ್ 13 ಡಿಬಿಎಂ, ಶಾಟ್ ನಾಯ್ಸ್ ಹರ್ಟ್ಸ್‌ಗೆ ಮೈನಸ್ 168 ಡಿಬಿಎಂ. ಎರಡರ ವ್ಯತ್ಯಾಸ ಮೈನಸ್ 155 ಡಿಬಿ. 1 ಮಿಲಿಆಂಪಿಯರಿನಲ್ಲಿ ಇದಕ್ಕಿಂತ ಕಡಿಮೆ ರಿನ್ ನೇರವಾಗಿ ಕಾಣುವುದಿಲ್ಲ. ಕೋಣೆಯ ಉಷ್ಣ ನಾಯ್ಸ್ ಮೈನಸ್ 174, ಆಂಪ್ಲಿಫೈಯರಿನ ನಾಯ್ಸ್ ಫಿಗರ್ 5 ಡಿಬಿ ಸೇರಿದರೆ ಮೈನಸ್ 169: ಶಾಟ್ ನಾಯ್ಸ್‌ಗೆ ಹೆಚ್ಚುಕಡಿಮೆ ಸಮ. ಆದ್ದರಿಂದ ಬೆಳಕು ತಡೆದು ಒಂದು ಅಳತೆ, ಬೆಳಕು ಬಿಟ್ಟು ಒಂದು ಅಳತೆ, ಎರಡನ್ನೂ ವಾಟ್‌ನಲ್ಲಿ ಕಳೆದು, ಶಾಟ್ ನಾಯ್ಸ್ ಲೆಕ್ಕ ಹಾಕಿ ಅದನ್ನೂ ಕಳೆಯಬೇಕು. ಡಿಬಿಯಲ್ಲಿ ಕಳೆಯುವ ತಪ್ಪು ಪ್ರಾಜೆಕ್ಟ್ ವರದಿಗಳಲ್ಲಿ ಇಂದಿಗೂ ಬರುತ್ತದೆ. ಅನಲೈಸರಿನ ಸ್ವಂತ ನೆಲ ಇದಕ್ಕಿಂತ ಎತ್ತರದಲ್ಲಿರುವುದರಿಂದ 25-30 ಡಿಬಿಯ ಪ್ರಿಆಂಪ್ಲಿಫೈಯರ್ ಬೇಕೇ ಬೇಕು. ಬೆಳಕು ಸಾಲದೆಂದು ನಡುವೆ ಇಡಿಎಫ್‌ಎ (ಬೆಳಕು ವರ್ಧಿಸುವ ಫೈಬರ್ ಆಂಪ್ಲಿಫೈಯರ್) ಹಾಕಬೇಡಿ, ಅದು ತನ್ನ ನಾಯ್ಸನ್ನು ಸೇರಿಸುತ್ತದೆ.

ಲೈನ್‌ವಿಡ್ತ್‌ಗೆ ಡಿಲೇಡ್ ಸೆಲ್ಫ್-ಹೆಟೆರೊಡೈನ್ ವಿಧಾನ: ಲೇಸರಿನ ಬೆಳಕನ್ನು, ಉದ್ದ ಫೈಬರಿನಲ್ಲಿ ತಡವಾಗಿ ಬಂದ ಅದರದೇ ಪಾಲಿನೊಂದಿಗೆ ಕೂಡಿಸಿ ಬೀಟ್ ನೋಡುವುದು. 5 ಕಿಲೊಮೀಟರ್ ಫೈಬರ್ ಸುಮಾರು 24.5 ಮೈಕ್ರೊಸೆಕೆಂಡ್ ತಡಮಾಡುತ್ತದೆ, ಅದರಿಂದ 40 ಕಿಲೊಹರ್ಟ್ಸ್‌ನವರೆಗೆ ಅಂದಾಜು ಮಾಡಬಹುದು. 25 ಕಿಲೊಮೀಟರ್ ಇದ್ದರೆ 8 ಕಿಲೊಹರ್ಟ್ಸ್. ಲೊರೆಂಟ್ಜಿಯನ್ ಆಕಾರದ ಬೀಟ್‌ನ ಅಗಲ ಲೇಸರಿನ ಅಗಲದ ಎರಡರಷ್ಟಿರುತ್ತದೆ, ಭಾಗಿಸಲು ಮರೆಯಬೇಡಿ. ಆದರೆ ಲಾಕ್ ಎಷ್ಟು ಚೆನ್ನಾಗಿದೆ ಎಂದು ತಿಳಿಯಲು ಇದಕ್ಕಿಂತ ಉತ್ತಮ ಅಳತೆ ಆ 80 ಮೆಗಾಹರ್ಟ್ಸ್ ಗೆರೆಯ ಫೇಸ್ ನಾಯ್ಸ್. ಅದರಲ್ಲಿ ಉಳಿದಿರುವುದು ಸ್ಲೇವ್ ಸೇರಿಸಿದ್ದು ಮಾತ್ರ, ಜೊತೆಗೆ ಫೈಬರ್ ಸೇರಿಸಿದ್ದು. ಎರಡು ಮೀಟರ್ ಫೈಬರ್ ಒಂದು ಡಿಗ್ರಿ ಬಿಸಿಯಾದರೆ ಅದರೊಳಗಿನ ಬೆಳಕಿನ ಫೇಸ್ ಹತ್ತಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಮಾಸ್ಟರ್ ಮತ್ತು ಸ್ಲೇವ್ ದಾರಿಯ ಎರಡೂ ಫೈಬರ್‌ಗಳನ್ನು ಒಂದೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ.

ಡ್ರೈವರಿನ ನಾಯ್ಸ್ ಇಲ್ಲಿ ಹೇಗೆ ಬರುತ್ತದೆಂದರೆ: 1 ಮೈಕ್ರೊಆಂಪಿಯರ್ ಏರಿಳಿತ ಲಾಕಿಲ್ಲದ ಸ್ಲೇವ್‌ನಲ್ಲಿ 1 ಮೆಗಾಹರ್ಟ್ಸ್ ಆವೃತ್ತಿ ಏರಿಳಿತ. ಲಾಕ್ ಆದ ಮೇಲೆ ಆವೃತ್ತಿ ಅಲುಗುವುದಿಲ್ಲ, ಅದೇ ಏರಿಳಿತ ಫೇಸ್‌ಗೆ ತಿರುಗುತ್ತದೆ: ಲಾಕಿನ ಅರ್ಧ ಅಗಲ 1 ಗಿಗಾಹರ್ಟ್ಸ್ ಆದರೆ ಸುಮಾರು ಒಂದು ಮಿಲಿರೇಡಿಯನ್. ಅಂಚಿಗೆ ಹೋದಷ್ಟೂ ಇದು ಹಿಗ್ಗುತ್ತದೆ. ನಡುವೆ ಕೂರಿಸಿದ ಲಾಕಿಗೂ ಅಂಚಿನಲ್ಲಿ ನೇತಾಡುವ ಲಾಕಿಗೂ ಇರುವ ವ್ಯತ್ಯಾಸ ಈ ಅಳತೆಯಲ್ಲಿ ಎದ್ದು ಕಾಣುತ್ತದೆ.

ಮಾಡ್ಯುಲೇಷನ್ ವೇಗಕ್ಕಾಗಿ ಲಾಕ್ ಮಾಡುವವರಿಗೆ ಬೇಕಾದ ಜಾಗ ಬೇರೆ. ಬಲವಾದ ಇಂಜೆಕ್ಷನ್, ಧನ ಅಂಚಿಗೆ ಹತ್ತಿರ: ಅಲ್ಲಿ ರೆಸೊನೆನ್ಸ್ ಹತ್ತಾರು ಗಿಗಾಹರ್ಟ್ಸ್‌ಗೆ ಏರುತ್ತದೆ, 2008ರಲ್ಲಿ ನೂರು ಗಿಗಾಹರ್ಟ್ಸ್ ದಾಟಿಸಿ ತೋರಿಸಿದ್ದಾರೆ. ಆದರೆ ಸೊನ್ನೆಗೂ ರೆಸೊನೆನ್ಸ್‌ಗೂ ನಡುವೆ ಪ್ರತಿಕ್ರಿಯೆ ಕುಸಿದು ಗುಂಡಿ ಬೀಳುವುದರಿಂದ 3 ಡಿಬಿ ಬ್ಯಾಂಡ್‌ವಿಡ್ತ್ ಅಷ್ಟೇ ಏರಿತೆಂದು ಹೇಳಲಾಗದು. ಋಣ ಬದಿಯಲ್ಲಿ ರೆಸೊನೆನ್ಸ್ ಕೆಳಗಿದ್ದು ಡ್ಯಾಂಪಿಂಗ್ ಹೆಚ್ಚು. ಎರಡನ್ನೂ ಒಂದೇ ಬಿಂದುವಿನಲ್ಲಿ ಪಡೆಯುವ ಆಸೆ ಬಿಡಿ.

ಕೈಕೊಡುವ ಕಡೆಗಳು

ಆರ್‌ಎಫ್ ಸ್ಪೆಕ್ಟ್ರಮ್‌ನಲ್ಲಿ ಸಮ ಅಂತರದ ಹಲ್ಲುಗಳು ಕಂಡರೆ ಎಲ್ಲೋ ಒಂದು ಪ್ರತಿಫಲನ ಸ್ಲೇವ್‌ಗೆ ಮರಳುತ್ತಿದೆ. 102 ಮೆಗಾಹರ್ಟ್ಸನ್ನು ಆ ಅಂತರದಿಂದ ಭಾಗಿಸಿದರೆ ದೂರ ಮೀಟರಿನಲ್ಲಿ ಸಿಗುತ್ತದೆ: 51 ಮೆಗಾಹರ್ಟ್ಸ್ ಅಂತರವಾದರೆ ಸ್ಲೇವ್‌ನಿಂದ ಎರಡು ಮೀಟರ್ ದೂರದ ಕನೆಕ್ಟರ್. ಟೇಪು ಹಿಡಿದು ಅಳೆದು ಅದನ್ನೇ ಒರೆಸಿ. ಮಾಸ್ಟರನ್ನು ಆರಿಸಿದಾಗಲೂ ಹಲ್ಲು ಉಳಿದರೆ ಅನುಮಾನವೇ ಬೇಡ. ಪ್ರತಿಫಲನ ಇನ್ನೂ ಬಲವಾದರೆ ಕೊಹೆರೆನ್ಸ್ ಕೊಲ್ಯಾಪ್ಸ್ ಆಗಿ (ಬೆಳಕಿನ ಫೇಸ್ ಶಿಸ್ತು ಕುಸಿದು) ಲೈನ್‌ವಿಡ್ತ್ ಗಿಗಾಹರ್ಟ್ಸ್‌ಗಟ್ಟಲೆ ಹಿಗ್ಗುತ್ತದೆ. ಅದನ್ನು ಇಂಜೆಕ್ಷನ್ ಕೇಆಸ್ ಎಂದು ಬರೆದುಬಿಡುವ ಅಪಾಯವಿದೆ.

ಲಾಕ್ ಅಂದಾಜಿಗಿಂತ ಹತ್ತು ಪಟ್ಟು ಕಿರಿದಾಗಿದ್ದರೆ ಪೋಲರೈಸೇಷನ್ ಇಲ್ಲವೇ ಒಳ ಐಸೊಲೇಟರ್. ನಿಮಿಷಗಳ ಲಯದಲ್ಲಿ ಬಂದುಹೋಗುತ್ತಿದ್ದರೆ ಎಸಿ. ಹೆದ್ದಾರಿ 66ರ ಪಕ್ಕದ ಕಟ್ಟಡಗಳಲ್ಲಿ ಲಾರಿ ಹೋದಾಗಲೆಲ್ಲ ತಪ್ಪುತ್ತಿದ್ದರೆ ಎಕ್ಸ್‌ಟರ್ನಲ್ ಕ್ಯಾವಿಟಿ ಮಾಸ್ಟರಿನ ಕೆಳಗೆ ರಬ್ಬರ್ ಹಾಳೆ ಹಾಕಿ ನೋಡಿ.

780 ನ್ಯಾನೋಮೀಟರಿನಲ್ಲಿ ಪರಮಾಣು ಪ್ರಯೋಗಕ್ಕಾಗಿ ಗಾಳಿಯಲ್ಲೇ ಕಟ್ಟುವವರು ಸರ್ಕ್ಯುಲೇಟರ್ ಬದಲು ಸ್ಲೇವ್‌ನ ಫ್ಯಾರಡೆ ಐಸೊಲೇಟರಿನ ಪಕ್ಕದ ಪೋರ್ಟಿನಿಂದ ಮಾಸ್ಟರ್ ಬೆಳಕು ತೂರಿಸುತ್ತಾರೆ. ಕೆಲವು ನೂರು ಮೈಕ್ರೊವಾಟ್ ಸಾಕು. ಎರಡು ಕಿರಣಗಳನ್ನು ದೂರದ ಎರಡು ಬಿಂದುಗಳಲ್ಲಿ ಒಂದರ ಮೇಲೊಂದು ಕೂರಿಸಿ, ಸ್ಲೇವನ್ನು ಥ್ರೆಶೋಲ್ಡ್‌ಗಿಂತ ಚೂರು ಕೆಳಗಿಟ್ಟು, ಮಾಸ್ಟರ್ ಬಿದ್ದಾಗ ಹೊರಬೆಳಕು ಅತಿ ಹೆಚ್ಚಾಗುವಂತೆ ಕನ್ನಡಿ ತಿರುಗಿಸಿ. 780 ಕಣ್ಣಿಗೆ ಮಂದ ಕೆಂಪಾಗಿ ಕಾಣುವುದರಿಂದ ಶಕ್ತಿಯೂ ಕಡಿಮೆ ಎಂದು ಭ್ರಮಿಸಬೇಡಿ, ಕನ್ನಡಕ ಹಾಕಿ.

ಆರಿಸುವ ಕ್ರಮ ಹೀಗೆ: ಅಟೆನ್ಯುಯೇಟರ್ ಮುಚ್ಚಿ, ಮಾಸ್ಟರ್ ಆರಿಸಿ, ಸ್ಲೇವ್ ಕರೆಂಟನ್ನು ನಿಧಾನಕ್ಕೆ ಸೊನ್ನೆಗಿಳಿಸಿ, ಟಿಇಸಿ ಕೊನೆಗೆ. ಮರುದಿನ ಅದೇ ಅಂಕಿಗಳನ್ನು ಹಾಕಿದರೆ ಲಾಕ್ ಅದೇ ಜಾಗದಲ್ಲಿ ಸಿಗಬೇಕೆಂದಿಲ್ಲ. ಸ್ಲೇವ್ ಕರೆಂಟನ್ನು 5 ಮಿಲಿಆಂಪಿಯರ್ ಕೆಳಗಿಂದ ಶುರುಮಾಡಿ, ಋಣ ಬದಿಯಿಂದಲೇ ಏರಿಸಿಕೊಂಡು ಬನ್ನಿ.